ಬಾಟಲಿಯೊಳಗಿನ ಆಲೂಗಡ್ಡೆಗೆ ಬೂಸ್ಟು ಬಂದರೆ

ಹಾಸನದ ಕಡೆ ಬಿತ್ತನೆ ಆಲೂಗಡ್ಡೆ ಅಂದರೆ ಪಂಜಾಬಿನ ಜಲಂಧರದಿಂದ ಲಾರಿಯಲ್ಲಿ ಬರುವ ಗಡ್ಡೆ. ಈಗೀಗ ಕೆಲವು ರೈತರು ಅಂಗಾಂಶ ಕೃಷಿಯ, ಅಂದರೆ ಗಿಡದ ಚಿಕ್ಕ ತುಂಡಿನಿಂದ ಬೆಳೆಸಿದ, ಗಿಡದಿಂದ ತೆಗೆದ ಸಸಿಗಳನ್ನೂ ನೆಡುತ್ತಿದ್ದಾರೆ. ಅದರ ತಾಯಿಗಿಡ ಬೆಳೆಯುವುದು ಲ್ಯಾಬಿನ ಬಾಟಲಿಯಲ್ಲಿ. ಅಲ್ಲಿ ಬೂಸ್ಟು, ಬ್ಯಾಕ್ಟೀರಿಯಾಗಳದ್ದೇ ದೊಡ್ಡ ತಲೆನೋವು.

ಯಾಕೆ ಅಂತೀರಾ? ಬಾಟಲಿಯಲ್ಲಿರುವ ಆಹಾರದಲ್ಲಿ ಲೀಟರಿಗೆ ಸುಮಾರು 30 ಗ್ರಾಂ ಸಕ್ಕರೆ ಇರುತ್ತದೆ. ಗಿಡ ಅದನ್ನು ನಿಧಾನವಾಗಿ ಹೀರುತ್ತದೆ, ಸೂಕ್ಷ್ಮಜೀವಿಗಳಿಗೆ ಅಷ್ಟು ತಾಳ್ಮೆ ಇಲ್ಲ.

ಆಹಾರವನ್ನು ಆಟೋಕ್ಲೇವಿನಲ್ಲಿ (ದೊಡ್ಡ ಪ್ರೆಶರ್ ಕುಕ್ಕರಿನಂಥ ಯಂತ್ರ) 121 ಡಿಗ್ರಿಗೆ ಹದಿನೈದಿಪ್ಪತ್ತು ನಿಮಿಷ ಬೇಯಿಸಿದರೆ ಅದರಲ್ಲಿರುವುದೆಲ್ಲ ಸಾಯುತ್ತದೆ. ಆದರೆ ಗಿಡದ ತುಂಡನ್ನು ಹಾಗೆ ಬೇಯಿಸೋಕಾಗಲ್ಲ, ಅಲ್ವಾ? ಅದಕ್ಕೆ ಮೊಳಕೆಯ ಗೆಣ್ಣನ್ನು ಕತ್ತರಿಸಿ, ಹರಿಯುವ ನೀರಲ್ಲಿ ತೊಳೆದು, 70% ಆಲ್ಕೋಹಾಲಿನಲ್ಲಿ ಅರ್ಧ ನಿಮಿಷ ಅದ್ದಿ, ಆಮೇಲೆ ಸೋಡಿಯಂ ಹೈಪೋಕ್ಲೋರೈಟಿನಲ್ಲಿ (ಬ್ಲೀಚ್ ದ್ರಾವಣ) ಹತ್ತು ನಿಮಿಷದಷ್ಟು ಇಟ್ಟು, ಕ್ರಿಮಿಶುದ್ಧ ನೀರಲ್ಲಿ ಮೂರು ಸಲ ಜಾಲಿಸುತ್ತಾರೆ. ಹೊತ್ತು ಜಾಸ್ತಿಯಾದರೆ ಗೆಣ್ಣೇ ಬಿಳಿಚಿ ಸಾಯುತ್ತದೆ.

ಗೆಣ್ಣನ್ನು ಹಿಡಿದು ಬಾಟಲಿಗೆ ಇಡುವ ಚಿಮಟವನ್ನು ಸುಮ್ನೆ ಆಲ್ಕೋಹಾಲಿಗೆ ಅದ್ದಿದರೆ ಸಾಲದು. ಬ್ಯಾಸಿಲಸ್ ಜಾತಿಯ ಬ್ಯಾಕ್ಟೀರಿಯಾಗಳ ಬೀಜಕಗಳು (ಗಟ್ಟಿ ಕವಚದೊಳಗೆ ನಿದ್ದೆ ಮಾಡುವ ರೂಪ) ಆಲ್ಕೋಹಾಲಿಗೆ ಜಗ್ಗುವುದಿಲ್ಲ, ಉರಿಯಲ್ಲಿ ಕಾಯಿಸಲೇಬೇಕು. ಆಲ್ಕೋಹಾಲಿನ ಬಾಟಲಿಯಲ್ಲೇ ಅವು ಕೂತಿದ್ದು, ಒಂದು ಗಿಡದಿಂದ ಇನ್ನೊಂದಕ್ಕೆ ಸವಾರಿ ಮಾಡುವುದೂ ಉಂಟು!

ಬೂಸ್ಟು ಒಂದು ರೀತಿಯಲ್ಲಿ ಪ್ರಾಮಾಣಿಕ. ಕೆಲವೇ ದಿನಕ್ಕೆ ಹತ್ತಿಯಂತೆ ಅರಳಿ ಸಿಕ್ಕಿಬೀಳುತ್ತದೆ. ನಿಜವಾದ ಕಳ್ಳ ಅಂದರೆ ಗಿಡದ ಒಳಗೇ ವಾಸಿಸುವ ಬ್ಯಾಕ್ಟೀರಿಯಾ. ಮೇಲೆ ಎಷ್ಟು ತೊಳೆದರೂ ಅದಕ್ಕೆ ತಟ್ಟುವುದಿಲ್ಲ. ತಿಂಗಳುಗಟ್ಟಲೆ ಗಿಡ ಹಸಿರಾಗೇ ಇರುತ್ತದೆ, ತುಂಡು ಮಾಡಿ ತುಂಡು ಮಾಡಿ ನೂರಾರು ಬಾಟಲಿ ಆದಮೇಲೆ ಒಂದು ದಿನ ಕಾಂಡದ ಬುಡದ ಸುತ್ತ ತೆಳುವಾದ ಹಾಲಿನಂಥ ಮಬ್ಬು ಕಾಣುತ್ತದೆ. ಬಾಟಲಿಯನ್ನು ಬೆಳಕಿಗೆ ಹಿಡಿದು ತಳದಿಂದ ನೋಡಿದರೆ ಬೇಗ ಗೊತ್ತಾಗುತ್ತದೆ. ಅದಕ್ಕೂ ಮೊದಲೇ ಹಿಡಿಯಬೇಕಾದರೆ, ಕಾಂಡದ ಬುಡದ ಚೂರೊಂದನ್ನು ಬ್ಯಾಕ್ಟೀರಿಯಾ ಇಷ್ಟಪಡುವ ಪೋಷಕ ದ್ರವಕ್ಕೆ ಹಾಕಿಡಬೇಕು. ದ್ರವ ಕದಡಿದರೆ ಆ ಗಿಡದಿಂದ ಬಂದ ಇಡೀ ಸಾಲೇ ಅನುಮಾನ.

ಸೆಫೊಟ್ಯಾಕ್ಸಿಮ್‌ನಂಥ ಆ್ಯಂಟಿಬಯೋಟಿಕ್ ಹಾಕಬಹುದಲ್ಲ ಅಂತ ಕೇಳುವವರಿದ್ದಾರೆ. ಹಾಕಬಹುದು. ಆದರೆ ಎಷ್ಟೋ ಸಲ ಅದು ಬ್ಯಾಕ್ಟೀರಿಯಾವನ್ನು ಕೊಲ್ಲದೆ ಬರೀ ಅಡಗಿಸಿಡುತ್ತದೆ, ಔಷಧ ನಿಲ್ಲಿಸಿದ ಕೂಡಲೇ ಮಬ್ಬು ವಾಪಸ್ಸು. ಬೇರೆಲ್ಲೂ ಸಿಗದ ಅಪರೂಪದ ತಳಿಯಾದರೆ ಅಷ್ಟು ಕಷ್ಟಪಡಲಿ, ಎಲ್ಲೆಡೆ ಸಿಗುವ ಕುಫ್ರಿ ಜ್ಯೋತಿಗೆ ಯಾಕೆ? ಎಸೆದು, ಶುದ್ಧ ಗಿಡದಿಂದ ಮತ್ತೆ ಶುರು ಮಾಡುವುದೇ ಅಗ್ಗ. ಎಸೆಯುವಾಗ ಮಾತ್ರ ಮುಚ್ಚಳ ತೆಗೆಯಬೇಡಿ. ಮುಚ್ಚಿದ ಬಾಟಲಿಯನ್ನೇ ಮೊದಲು ಆಟೋಕ್ಲೇವ್ ಮಾಡಿ, ತೊಳೆಯುವುದು ಆಮೇಲೆ.