ಕಂಬಳದ ಬರ್ಸ್ಟ್ ಫೋಟೊಗಳು: ಕಾರ್ಡಿನಿಂದ ಕಂಪ್ಯೂಟರಿಗೆ ಬರುವಾಗ ಕ್ರಮ ಕೆಡದಂತೆ

ಕಂಬಳದ ಕನೆಹಲಗೆ ಎಂಬ ಸ್ಪರ್ಧೆಯಲ್ಲಿ, ಅಂದರೆ ಹಲಗೆಯ ಮೇಲೆ ನಿಂತು ಕೋಣ ಓಡಿಸುವಲ್ಲಿ, ಕೋಣಗಳು ಎಷ್ಟು ಬೇಗ ಓಡಿದವು ಎಂಬುದು ಲೆಕ್ಕಕ್ಕಿಲ್ಲ. ಹಲಗೆಯ ತೂತಿನಿಂದ ಚಿಮ್ಮಿದ ನೀರು ಎಷ್ಟೆತ್ತರಕ್ಕೆ ಹೋಯಿತು ಎಂಬುದೇ ಲೆಕ್ಕ. ಕೋಣಗಳು ಓಡುವ ಕೆಸರು ದಾರಿಯಾದ ಕರೆಗೆ ಅಡ್ಡಲಾಗಿ ಆರೂವರೆ ಕೋಲು, ಏಳೂವರೆ ಕೋಲು (ಕೋಲು ಎಂಬುದು ಊರಿನ ಅಳತೆ) ಎತ್ತರದಲ್ಲಿ ಬಿಳಿ ನಿಶಾನೆ ಕಟ್ಟಿರುತ್ತಾರೆ. ಬರ್ಸ್ಟ್‌ನಲ್ಲಿ, ಅಂದರೆ ಶಟರ್ ಒತ್ತಿ ಹಿಡಿದಾಗ ಒಂದೇ ಸಮನೆ, ಸೆಕೆಂಡಿಗೆ 20 ಫ್ರೇಮ್ ಹೊಡೆಯುವ ಕ್ಯಾಮೆರಾದಲ್ಲಿ ನೀರು ನಿಶಾನೆಯ ಹತ್ತಿರ ಏರಿ, ಮುಟ್ಟಿ, ಒಡೆದು ಇಳಿಯುವುದು ನಾಲ್ಕೈದು ಫ್ರೇಮಿನಲ್ಲಿ ಮುಗಿದುಹೋಗುತ್ತದೆ. ಆ ನಾಲ್ಕೈದು ಹಿಂದುಮುಂದಾದರೆ ಏರುವ ನೀರು ಯಾವುದು, ಇಳಿಯುವ ನೀರು ಯಾವುದು ಎಂದು ಹೇಳುವುದು ಕಷ್ಟ.

ಕೋಣಗಳಿಗೆ ಕಟ್ಟಿದ ಹಗ್ಗ ಹಿಡಿದು ಹಿಂದೆ ಓಡುವ ಹಗ್ಗದ ಓಟದಲ್ಲಿ ತೊಂದರೆ ಬೇರೆ ಥರದ್ದು. 2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ಕರೆಯನ್ನು 13.62 ಸೆಕೆಂಡಿನಲ್ಲಿ ಮುಗಿಸಿದ್ದು ದೇಶದಾದ್ಯಂತ ಸುದ್ದಿಯಾಗಿತ್ತು. ಅದೇ ವೇಗ ಹಿಡಿದರೆ ಒಂದು ಓಟಕ್ಕೆ 20 ಫ್ರೇಮಿನ ಲೆಕ್ಕದಲ್ಲಿ 272 ಫೋಟೊ, ಒಂದು ಫ್ರೇಮಿನಿಂದ ಇನ್ನೊಂದಕ್ಕೆ ಜೋಡಿ ಮುಂದೆ ಹೋಗುವುದು ಸುಮಾರು 52 ಸೆಂಟಿಮೀಟರ್. ಕೆಸರು ನೀರಿನ ತೆರೆಯಲ್ಲಿ ಎಲ್ಲ ಫ್ರೇಮೂ ಒಂದೇ ಥರ ಕಾಣುತ್ತದೆ. ಕಣ್ಣಿನಿಂದ ಜೋಡಿಸಿಕೊಳ್ಳೋಣ ಎಂದು ಕೂತರೆ ಬೆಳಗಾಗುತ್ತದೆ. ಹಾಗಾಗಿ ಕ್ರಮ ಫೈಲಿನ ಹೆಸರಿನಲ್ಲೇ ಕೂತಿರಬೇಕು. ಅದನ್ನು ಕೂರಿಸುವ ಹೊತ್ತು ಇಂಪೋರ್ಟ್, ಅಂದರೆ ಕಾರ್ಡಿನಿಂದ ಕಂಪ್ಯೂಟರಿಗೆ ಇಳಿಸುವಾಗ. ಆಮೇಲೆ ಮಾಡಿದರೆ ಎರಡು ಪಟ್ಟು ಕೆಲಸ.

ಸಮಯ ಮೂರು ಕಡೆ ಇರುತ್ತದೆ, ಮೂರೂ ಒಂದೇ ಅಲ್ಲ

ಫೋಟೊ ಫೈಲಿನೊಳಗೆ ಕ್ಯಾಮೆರಾ ಬರೆದಿಡುವ ಮಾಹಿತಿಯಾದ ಎಕ್ಸಿಫ್‌ನಲ್ಲಿ ‘ಡೇಟ್ ಟೈಮ್ ಒರಿಜಿನಲ್’ ಎಂಬ ಟ್ಯಾಗ್ ಇದೆ. ಶಟರ್ ಬಿದ್ದ ಹೊತ್ತನ್ನು ಬರೆಯುವುದು ಇದೇ, ಆದರೆ ಸೆಕೆಂಡಿನವರೆಗೆ ಮಾತ್ರ. ಅಂದರೆ 20 ಫ್ರೇಮಿನ ಬರ್ಸ್ಟಿನಲ್ಲಿ ಇಪ್ಪತ್ತು ಫೋಟೊಗಳಿಗೂ ಒಂದೇ ಸಮಯ. ಇದೊಂದನ್ನೇ ನೋಡಿ ಸಾರ್ಟ್ ಮಾಡುವ ಸಾಫ್ಟ್‌ವೇರ್ ಆ ಇಪ್ಪತ್ತನ್ನು ತನಗೆ ತೋಚಿದ ಹಾಗೆ ಇಡುತ್ತದೆ. ಸೆಕೆಂಡಿನ ಭಾಗ ‘ಸಬ್‌ಸೆಕ್ ಟೈಮ್ ಒರಿಜಿನಲ್’ ಎಂಬ ಬೇರೆ ಟ್ಯಾಗಿನಲ್ಲಿರುತ್ತದೆ. ಹಲವು ಬಾಡಿಗಳು (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ) ಇದನ್ನು ಎರಡಂಕಿಯಲ್ಲಿ, ಅಂದರೆ ಸೆಕೆಂಡಿನ ನೂರನೇ ಒಂದು ಭಾಗದವರೆಗೆ ಬರೆಯುತ್ತವೆ. ಕೆಲವು ಮೂರಂಕಿ ಬರೆಯುತ್ತವೆ. ಕೆಲವು ಬರೆಯುವುದೇ ಇಲ್ಲ. ನಿಮ್ಮ ಬಾಡಿ ಏನು ಮಾಡುತ್ತದೆ ಎಂದು, ಈ ಟ್ಯಾಗುಗಳನ್ನು ಓದುವ ಎಕ್ಸಿಫ್‌ಟೂಲ್ ಎಂಬ ಸಾಫ್ಟ್‌ವೇರಿನಲ್ಲಿ ಒಂದು ಫೋಟೊ ತೆರೆದು ಮೊದಲೇ ನೋಡಿಟ್ಟುಕೊಳ್ಳಿ.

20 ಫ್ರೇಮಿಗೆ ನಡುವಿನ ಅಂತರ 50 ಮಿಲಿಸೆಕೆಂಡ್. ಎರಡಂಕಿ ಧಾರಾಳ ಸಾಕು. ಆದರೆ ಸೋನಿ ಎ9 ಮಾರ್ಕ್ 3ರಂಥ ಬಾಡಿ ಸೆಕೆಂಡಿಗೆ 120 ಹೊಡೆಯುತ್ತದೆ, ಅಂತರ 8.3 ಮಿಲಿಸೆಕೆಂಡ್. ಆ ವೇಗದಲ್ಲಿ ಎರಡಂಕಿಯ ಸಬ್‌ಸೆಕೆಂಡಿಗೆ ಒಂದೇ ಅಂಕಿಯಲ್ಲಿ ಎರಡು ಫ್ರೇಮ್ ಬಂದು ಕೂರುತ್ತವೆ. ಸಮಯ ಎಷ್ಟೇ ಸೂಕ್ಷ್ಮವಾಗಿದ್ದರೂ ಅದರ ಬೆನ್ನಿಗೆ ಫೈಲ್ ಅಂಕಿ ಬೇಕು ಎನ್ನುವುದು ಇದಕ್ಕೇ.

ಮೂರನೆಯದು ಫೈಲ್ ಸಿಸ್ಟಮ್ ಕೊಡುವ ‘ಡೇಟ್ ಮಾಡಿಫೈಡ್’. ಇದನ್ನು ನಂಬಲೇಬೇಡಿ. ಫೋಟೊ ಕಾರ್ಡಿಗೆ ಬರೆಯಲ್ಪಟ್ಟ ಹೊತ್ತು ಅದು, ಹೊಡೆದ ಹೊತ್ತಲ್ಲ. ಒಂದು ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದ ಮೂಲ ಫೋಟೊ) 25 ಎಂಬಿ ಎಂದುಕೊಳ್ಳಿ, 272 ಫೈಲಿಗೆ 6.8 ಜಿಬಿ. ಕಾರ್ಡಿನ ಬರೆಯುವ ವೇಗ ಸೆಕೆಂಡಿಗೆ 150 ಎಂಬಿ ಇದ್ದರೆ ಎಲ್ಲವೂ ಇಳಿಯಲು ಮುಕ್ಕಾಲು ನಿಮಿಷ ಬೇಕು. ಓಟ ಮುಗಿದದ್ದು ಹದಿನಾಲ್ಕು ಸೆಕೆಂಡಿನೊಳಗೆ. ಸಾಲದ್ದಕ್ಕೆ 32 ಜಿಬಿ ಮತ್ತು ಅದಕ್ಕಿಂತ ಸಣ್ಣ ಎಸ್‌ಡಿ ಕಾರ್ಡುಗಳಲ್ಲಿರುವ ಫ್ಯಾಟ್32 ಎಂಬ ಫೈಲ್ ಸಿಸ್ಟಮ್ ಈ ಸಮಯವನ್ನು ಎರಡು ಸೆಕೆಂಡಿನ ಹೆಜ್ಜೆಯಲ್ಲಿ ಮಾತ್ರ ಬರೆಯುತ್ತದೆ. ದೊಡ್ಡ ಕಾರ್ಡುಗಳ ಎಕ್ಸ್‌ಫ್ಯಾಟ್‌ನಲ್ಲಿ 10 ಮಿಲಿಸೆಕೆಂಡಿನವರೆಗೆ ಜಾಗವಿದೆ. ರಾ ಒಂದು ಕಾರ್ಡಿಗೆ, ಜೆಪೆಗ್ ಇನ್ನೊಂದಕ್ಕೆ ಹೋಗುವಂತೆ ಇಟ್ಟಿದ್ದರೆ ಒಂದೇ ಫೋಟೊದ ಎರಡು ಫೈಲಿಗೂ ಬೇರೆ ಬೇರೆ ಸಮಯ ಬೀಳುವುದುಂಟು.

ಸಬ್‌ಸೆಕೆಂಡಿನಲ್ಲಿ ಎಡವುವ ಜಾಗ ಇನ್ನೊಂದಿದೆ. ಸಬ್‌ಸೆಕೆಂಡ್ ಎಂದರೆ ದಶಮಾಂಶ ಬಿಂದುವಿನ ನಂತರದ ಅಂಕಿ. ‘05’ ಎಂದರೆ 0.05 ಸೆಕೆಂಡ್. ಪಟ್ಟಿಯನ್ನು ಎಕ್ಸೆಲ್‌ಗೆ ಹಾಕಿದ ಕೂಡಲೇ ಮುಂದಿನ ಸೊನ್ನೆ ಹಾರಿಹೋಗಿ ‘5’ ಉಳಿಯುತ್ತದೆ. ಹೆಸರು ಅಲ್ಲಿಂದ ಕಟ್ಟಿದರೆ 0.05 ಇದ್ದದ್ದು 0.45ರ ಆಚೆ ಹೋಗಿ ಕೂರುತ್ತದೆ. ಆ ಕಾಲಮ್ಮನ್ನು ಅಂಕಿಯಾಗಿ ಅಲ್ಲ, ಪಠ್ಯವಾಗಿ ತೆರೆಯಬೇಕು.

ನಾಲ್ಕಂಕಿಯ ಹೆಸರು

ಕ್ಯಾಮೆರಾಗಳು ಪಾಲಿಸುವ ಡಿಸಿಎಫ್ ನಿಯಮದ ಪ್ರಕಾರ ಫೈಲ್ ಹೆಸರು ಎಂಟು ಅಕ್ಷರ: ಮೊದಲ ನಾಲ್ಕು ಅಕ್ಷರ, ಆಮೇಲೆ 0001ರಿಂದ 9999ರವರೆಗಿನ ಅಂಕಿ. ಕಾರ್ಡಿನಲ್ಲಿ ಫೋಟೊಗಳು ಕೂರುವ ಡಿಸಿಐಎಂ ಫೋಲ್ಡರಿನ ಒಳಗಿನ ಫೋಲ್ಡರುಗಳಿಗೆ 100ರಿಂದ 999. ದಿನಕ್ಕೆ ಕೆಲವು ಸಾವಿರ ಹೊಡೆಯುವ ಕಡೆ 9999 ದಾಟುವುದು ಮಾಮೂಲು, ಅದೂ ಓಟದ ನಡುವೆಯೇ. ಆಗ ಹೊಸ ಫೋಲ್ಡರ್ ಹುಟ್ಟಿ ಅಂಕಿ 0001ಕ್ಕೆ ಬರುತ್ತದೆ. ಎರಡೂ ಫೋಲ್ಡರಿನ ಫೈಲುಗಳನ್ನು ಒಂದೇ ಕಡೆ ಸುರಿದರೆ ಓಟದ ದ್ವಿತೀಯಾರ್ಧ ಮೊದಲು ಬರುತ್ತದೆ, ಆರಂಭ ಕೊನೆಗೆ. ಫೋಲ್ಡರ್ ಅಂಕಿಯನ್ನೂ ಸೇರಿಸಿ ಓದಿದರೆ, 100-9999 ಆದಮೇಲೆ 101-0001, ಕ್ರಮ ಸರಿಯಾಗಿಯೇ ಇದೆ. ಕಾರ್ಡಿನಿಂದ ಫೈಲುಗಳನ್ನು ಮಾತ್ರ ಆರಿಸಿ ಎಳೆಯುವವರು ಕಳೆದುಕೊಳ್ಳುವುದು ಈ ಫೋಲ್ಡರ್ ಅಂಕಿಯನ್ನು.

ಅಡೋಬಿ ಆರ್‌ಜಿಬಿ ಬಣ್ಣದಲ್ಲಿ ಹೊಡೆದರೆ ಹೆಸರಿನ ಮೊದಲ ಅಕ್ಷರವಾಗಿ ಅಡಿಗೆರೆ ಬರುತ್ತದೆ. ಅರ್ಧ ದಿನ ಎಸ್‌ಆರ್‌ಜಿಬಿ, ಅರ್ಧ ದಿನ ಅಡೋಬಿ ಆದರೆ ಹೆಸರಿನ ಸಾರ್ಟಿನಲ್ಲಿ ಎರಡು ಗುಂಪು ಬೇರೆಯಾಗುತ್ತವೆ. ಕಂಬಳಕ್ಕೆ ಹೋಗುವ ಮುನ್ನ ಒಂದನ್ನು ಹಿಡಿದು ಅದಕ್ಕೇ ಅಂಟಿಕೊಳ್ಳಿ.

ಕಾರ್ಡ್ ಫಾರ್ಮ್ಯಾಟ್ ಮಾಡದೆ ಬೇರೆ ಬಾಡಿಯೊಳಗೆ ಹಾಕುವುದರಿಂದಲೂ ಅಂಕಿ ಹಾರುತ್ತದೆ. ಕಾರ್ಡಿನಲ್ಲಿ ಹಳೆಯ 7400 ಇದ್ದು ನಿಮ್ಮ ಬಾಡಿ 2310ರಲ್ಲಿದ್ದರೆ, ಮುಂದಿನ ಫೋಟೊ 7401 ಆಗಬಹುದು. ಫೈಲ್ ಅಂಕಿಯನ್ನು ನಿರಂತರ ಎಂದೇ ಇಡಿ, ಪ್ರತಿ ಕಾರ್ಡಿಗೂ 0001ರಿಂದ ಶುರುವಾಗುವ ಆಯ್ಕೆ ಬೇಡ. ಮೂರು ಕಾರ್ಡು ಬದಲಿಸಿದರೆ ಮೂರು 0001 ಸಿಗುತ್ತವೆ, ಒಂದರ ಮೇಲೊಂದು ಬಿದ್ದು ಅಳಿಸಿಹೋಗುವ ಅಪಾಯವೂ ಇದೆ.

ಕ್ಯಾನನ್ ಆರ್7ರಂಥ ಬಾಡಿಗಳಲ್ಲಿ ರಾ ಬರ್ಸ್ಟ್ ಎಂಬ ಬೇರೆ ವ್ಯವಸ್ಥೆ ಇದೆ: ಇಡೀ ಬರ್ಸ್ಟ್ ಒಂದೇ ಫೈಲಿನಲ್ಲಿ. ಅದರಿಂದ ಕ್ಯಾಮೆರಾದಲ್ಲೇ ಫ್ರೇಮ್ ಹೊರತೆಗೆದರೆ ಅದು ಹೊಸ ಫೈಲಾಗಿ ಆಗಿನ ಅಂಕಿ ಪಡೆಯುತ್ತದೆ. ಹೀಗೆ ತೆಗೆದ ಫ್ರೇಮುಗಳಿಗೆ ಅಂಕಿಯ ಕ್ರಮ ಎಂದರೆ ನೀವು ತೆಗೆದ ಕ್ರಮ ಅಷ್ಟೇ.

ಇಂಪೋರ್ಟ್ ಮಾಡುವಾಗ

ಒಂದೇ ಮಾತಿನಲ್ಲಿ ಹೇಳುವುದಾದರೆ ಮೊದಲು ನಕಲು, ಆಮೇಲೆ ಸಾರ್ಟ್, ಕೊನೆಗೆ ಹೆಸರು. ನಕಲಾಗುತ್ತಲೇ 0001, 0002 ಎಂದು ಸರಣಿ ಅಂಕಿ ಹಾಕಿಸುವ ಅಭ್ಯಾಸವೇ ಬಹುಪಾಲು ಎಡವಟ್ಟಿನ ಮೂಲ. ಎರಡು ರೀಡರಿನಲ್ಲಿ ಎರಡು ಕಾರ್ಡು ಒಟ್ಟಿಗೆ ಇಳಿಯುತ್ತಿದ್ದರೆ, ಯಾವ ಫೈಲ್ ಮೊದಲು ಬಂತೋ ಅದಕ್ಕೆ ಮೊದಲ ಅಂಕಿ.

ಡಿಸಿಐಎಂ ಫೋಲ್ಡರನ್ನು ಹಾಗೆಯೇ, ಮುರಿಯದೆ, ಕಾರ್ಡಿಗೊಂದು ಫೋಲ್ಡರ್ ಮಾಡಿ ನಕಲಿಸಿ. ಫೋಲ್ಡರಿಗೆ ಬಾಡಿಯ ಅಕ್ಷರ ಮತ್ತು ಕಾರ್ಡಿನ ಸಂಖ್ಯೆ ಕೊಡಿ: ಎ1, ಎ2, ಬಿ1. ಫೈಲುಗಳ ಎಣಿಕೆ ಕಾರ್ಡಿನಲ್ಲೂ ಡಿಸ್ಕಿನಲ್ಲೂ ಒಂದೇ ಇದೆಯೇ ನೋಡಿ. ಅಲ್ಲಿಯವರೆಗೆ ಕಾರ್ಡ್ ಮುಟ್ಟಬೇಡಿ.

ನಂತರ ಒಂದೊಂದು ಬಾಡಿಯನ್ನೇ ತೆಗೆದುಕೊಂಡು ಹೆಸರು ಬದಲಿಸಿ. ಹೆಸರಿನಲ್ಲಿ ಇರಬೇಕಾದ್ದು: ದಿನಾಂಕ, ಬಾಡಿಯ ಅಕ್ಷರ, ಗಂಟೆ-ನಿಮಿಷ-ಸೆಕೆಂಡ್, ಸಬ್‌ಸೆಕೆಂಡ್, ಮೂಲ ಫೈಲ್ ಅಂಕಿ. ಉದಾಹರಣೆಗೆ 20250118_ಎ_231407_42_9998. ಇದರ ಮುಂದಿನ ಫ್ರೇಮ್ 20250118_ಎ_231407_47_9999, ಅದರ ಮುಂದಿನದು 20250118_ಎ_231407_52_0001. ಅಂಕಿ ಸುತ್ತು ತಿರುಗಿದರೂ ಸಾಲು ಕದಲುವುದಿಲ್ಲ, ಏಕೆಂದರೆ ಸಮಯ ಮುಂದಿದೆ.

ಇಲ್ಲಿ ಸರಣಿ ಅಂಕಿ ಬಿಟ್ಟು ಮೂಲ ಅಂಕಿಯನ್ನೇ ಉಳಿಸಿಕೊಳ್ಳಲು ಗಟ್ಟಿ ಕಾರಣವಿದೆ. ಪತ್ರಿಕೆಗೆ ಕಳಿಸುವವರು ಕ್ಯಾಮೆರಾದಲ್ಲೇ ಒಳ್ಳೆಯ ಫ್ರೇಮುಗಳಿಗೆ ಲಾಕ್ ಹಾಕಿ, ಅವನ್ನಷ್ಟೇ ಮೊದಲು ಇಳಿಸುತ್ತಾರೆ. ಉಳಿದವು ರಾತ್ರಿ ಬರುತ್ತವೆ. ಸರಣಿ ಅಂಕಿ ಕೊಟ್ಟಿದ್ದರೆ ರಾತ್ರಿಯ ಕಂತು ಬೇರೆಯೇ ಎಣಿಕೆ ಹಿಡಿಯುತ್ತದೆ, ಬೆಳಗಿನವುಗಳ ನಡುವೆ ಸೇರುವುದೇ ಇಲ್ಲ. ಮೂಲ ಅಂಕಿ ಮತ್ತು ಸಮಯ ಇದ್ದರೆ ಯಾವಾಗ ಬಂದರೂ ತನ್ನ ಜಾಗಕ್ಕೆ ಹೋಗಿ ಕೂರುತ್ತದೆ. ರಾ ಮತ್ತು ಜೆಪೆಗ್ ಜೋಡಿಗೂ ಇದೇ ಮಾತು. ಕ್ಯಾಮೆರಾದಲ್ಲಿ ಒಂದು ಜೆಪೆಗ್ ಅಳಿಸಿ, ಎರಡು ಕಾರ್ಡಿಗೂ ಬೇರೆ ಬೇರೆಯಾಗಿ ಸರಣಿ ಅಂಕಿ ಕೊಟ್ಟರೆ, ಅಳಿಸಿದಲ್ಲಿಂದ ಮುಂದೆ ಪ್ರತಿ ಜೋಡಿಯೂ ಒಂದೊಂದು ಜಾರುತ್ತದೆ. ನಿಶಾನೆ ಮುಟ್ಟಿದ ಜೆಪೆಗ್ ಆರಿಸಿ ಅದರ ರಾ ತೆರೆದರೆ ಪಕ್ಕದ ಫ್ರೇಮ್ ಸಿಗುತ್ತದೆ, 50 ಮಿಲಿಸೆಕೆಂಡ್ ಆಚೀಚೆ.

ಎಕ್ಸಿಫ್‌ಟೂಲ್ ಬಳಸುವವರು ಬರೀ ‘ಡೇಟ್ ಟೈಮ್ ಒರಿಜಿನಲ್’ ಕೊಡದೆ, ಸಬ್‌ಸೆಕೆಂಡ್ ಸೇರಿದ ‘ಸಬ್‌ಸೆಕ್ ಡೇಟ್ ಟೈಮ್ ಒರಿಜಿನಲ್’ ಎಂಬ ಜಂಟಿ ಟ್ಯಾಗನ್ನು ಕೊಡಿ. ಇಲ್ಲದಿದ್ದರೆ ಒಂದೇ ಸೆಕೆಂಡಿನ ಇಪ್ಪತ್ತು ಫೈಲಿಗೂ ಒಂದೇ ಹೆಸರು ಬರುತ್ತದೆ. ತಪ್ಪಿಸಲು ಕೊನೆಗೆ ನಕಲಂಕಿ ಸೇರಿಸಿದರೆ -1, -2, -10 ಎಂದಾಗಿ, ಅಕ್ಷರಕ್ಕೆ ಅಕ್ಷರ ಹೋಲಿಸುವ ಕಡೆ -10 ಎಂಬುದು -2ಕ್ಕಿಂತ ಮೊದಲು ಬರುತ್ತದೆ. ವಿಂಡೋಸ್ ಎಕ್ಸ್‌ಪ್ಲೋರರ್ ಮತ್ತು ಮ್ಯಾಕ್‌ನ ಫೈಂಡರ್ ಅಂಕಿಯನ್ನು ಅಂಕಿಯಾಗಿಯೇ ಓದುವುದರಿಂದ ಅಲ್ಲಿ ತಪ್ಪು ಕಾಣುವುದಿಲ್ಲ, ಬೇರೆ ಕಡೆ ಹೋದಾಗ ಕಾಣುತ್ತದೆ. ಅಂಕಿಗೆ ಮುಂದೆ ಸೊನ್ನೆ ತುಂಬಿ ಅಗಲ ಸಮ ಮಾಡಿದರೆ ಈ ರಗಳೆ ಇಲ್ಲ.

ಫೋಟೊ ಸಾಫ್ಟ್‌ವೇರ್ ಲೈಟ್‌ರೂಮ್ ಕ್ಲಾಸಿಕ್‌ನಲ್ಲಿ ಲೈಬ್ರರಿಯ ಸಾರ್ಟ್ ‘ಆ್ಯಡೆಡ್ ಆರ್ಡರ್’ ಆಗಿದ್ದರೆ ‘ಕ್ಯಾಪ್ಚರ್ ಟೈಮ್’ಗೆ ತನ್ನಿ. ಹೆಸರು ಬದಲಿಸುವ ಟೆಂಪ್ಲೇಟಿನಲ್ಲಿ ಮೂಲ ಹೆಸರಿನ ಅಂಕಿಯನ್ನು ಉಳಿಸುವ ಟೋಕನ್ ಇದೆ, ಅದನ್ನು ಸೇರಿಸಿ. ಕ್ಯಾಪ್ಚರ್ ಟೈಮ್ ಪ್ರಕಾರ ತಾನಾಗಿ ಸ್ಟ್ಯಾಕ್ ಮಾಡುವ (ಫೋಟೊಗಳನ್ನು ಒಂದು ಕಟ್ಟಾಗಿ ಸೇರಿಸುವ) ಆಯ್ಕೆಗೆ ಎರಡು ಓಟಗಳ ನಡುವಿನ ಬಿಡುವಿಗಿಂತ ಕಡಿಮೆ ಅವಧಿ ಕೊಟ್ಟರೆ ಓಟಕ್ಕೊಂದು ಸ್ಟ್ಯಾಕ್ ಸಿಗುತ್ತದೆ. ಐದು ಸೆಕೆಂಡ್ ಇಟ್ಟು ಶುರು ಮಾಡಿ, ಬೇಕಾದಂತೆ ಹಿಗ್ಗಿಸಿ.

ಎರಡು ಬಾಡಿ, ಎರಡು ಗಡಿಯಾರ

ಕ್ಯಾಮೆರಾ ಗಡಿಯಾರಗಳು ತಿಂಗಳಿಗೆ ಕೆಲವು ಸೆಕೆಂಡ್ ಜಾರುವುದು ಸಹಜ. ಕಂಬಳದ ದಿನ ಬೆಳಿಗ್ಗೆ ಎರಡನ್ನೂ ಒಂದೇ ಮೊಬೈಲಿಗೆ ಹೊಂದಿಸಿ. ದುಬೈಯಿಂದ ರಜೆಗೆ ಊರಿಗೆ ಬಂದವರ ಬಾಡಿ ಒಂದೂವರೆ ಗಂಟೆ ಹಿಂದೆ ಇರುತ್ತದೆ, ಅದನ್ನು ಯಾರೂ ಗಮನಿಸುವುದಿಲ್ಲ. ಹೊಂದಿಸುವುದು ಮರೆತಿದ್ದರೆ ವ್ಯತ್ಯಾಸ ಕಂಡುಹಿಡಿಯಲು ಕನೆಹಲಗೆಯೇ ಸಾಕು: ನೀರು ನಿಶಾನೆ ಮುಟ್ಟಿದ ಮೊದಲ ಫ್ರೇಮನ್ನು ಎರಡೂ ಬಾಡಿಯಲ್ಲಿ ಹುಡುಕಿ, ಸಮಯ ಕಳೆಯಿರಿ. ಒಂದು ಫ್ರೇಮಿನ ಅಂತರದೊಳಗೆ ಉತ್ತರ ಸಿಗುತ್ತದೆ. ಹಿಂದಿರುವ ಬಾಡಿಯ ಎಲ್ಲ ಫೋಟೊಗಳಿಗೂ ಅಷ್ಟು ಸಮಯ ಸೇರಿಸಿ, ಹೆಸರು ಬದಲಿಸುವ ಮುನ್ನವೇ.

ಇಷ್ಟಾದರೂ ಎರಡು ಬಾಡಿಯ ಬರ್ಸ್ಟ್‌ಗಳನ್ನು ಫ್ರೇಮಿಗೆ ಫ್ರೇಮ್ ಹೆಣೆಯುವ ಆಸೆ ಬಿಡುವುದೊಳ್ಳೆಯದು. ಮೇಲಿನ ಹೆಸರಿನಲ್ಲಿ ಬಾಡಿಯ ಅಕ್ಷರ ಸಮಯಕ್ಕಿಂತ ಮುಂದೆ ಇರುವುದು ಅದಕ್ಕೇ: ಓಟ ಮುಗಿಯುವ ತುದಿಯಾದ ಮಂಜೊಟ್ಟಿಯ ಕಡೆಯಿಂದ ಹೊಡೆದ ಸಾಲು ಒಂದು ಕಡೆ, ಕರೆಯ ಪಕ್ಕದಿಂದ ಹೊಡೆದ ಸಾಲು ಇನ್ನೊಂದು ಕಡೆ.

ರಾತ್ರಿ ಹನ್ನೆರಡು

ಕಂಬಳ ಹಗಲು ಶುರುವಾಗಿ ರಾತ್ರಿಯಿಡೀ ನಡೆದು ಮರುದಿನಕ್ಕೆ ಹೋಗುತ್ತದೆ. ದಿನಾಂಕದ ಪ್ರಕಾರ ಫೋಲ್ಡರ್ ಮಾಡುವ ಇಂಪೋರ್ಟ್ ಒಂದೇ ಕೂಟವನ್ನು ಎರಡು ತುಂಡು ಮಾಡುತ್ತದೆ. ಲೈಟ್‌ರೂಮ್‌ನಲ್ಲಿ ‘ಬೈ ಡೇಟ್’ ಬದಲು ‘ಇನ್‌ಟು ಒನ್ ಫೋಲ್ಡರ್’ ಆರಿಸಿ, ಕೂಟದ ಹೆಸರಿನ ಒಂದೇ ಫೋಲ್ಡರಿಗೆ ಹಾಕಿ. ಫೈಲ್ ಹೆಸರಿನಲ್ಲಿ ದಿನಾಂಕ 18ರಿಂದ 19 ಆದರೆ ಸಾರ್ಟಿಗೆ ತೊಂದರೆಯಿಲ್ಲ. ದಿನಾಂಕ ಬಿಟ್ಟು ಬರೀ ಗಂಟೆ ಬರೆದವರಿಗೆ ಮಾತ್ರ ನಡುರಾತ್ರಿಯ ಓಟ ಉದ್ಘಾಟನೆಗಿಂತ ಮೊದಲು ಬರುತ್ತದೆ.

ಸರಿಯಾಯಿತೇ ಎಂದು ನೋಡುವುದು

ಅಂಕಿ 9999 ದಾಟದ ಒಂದು ಬರ್ಸ್ಟಿನ ಕೊನೆಯ ಅಂಕಿಯಿಂದ ಮೊದಲ ಅಂಕಿ ಕಳೆದು ಒಂದು ಕೂಡಿಸಿ. ಫೈಲುಗಳ ಎಣಿಕೆ ಅಷ್ಟೇ ಇರಬೇಕು. ಕಡಿಮೆ ಇದ್ದರೆ ಅಳಿಸಿದ್ದೋ, ಇನ್ನೊಂದು ಕಾರ್ಡಿಗೆ ಹರಿದದ್ದೋ ನೋಡಿ. ಮೊದಲ ಕಾರ್ಡ್ ತುಂಬಿದಾಗ ಎರಡನೆಯದಕ್ಕೆ ಹೋಗುವಂತೆ ಇಟ್ಟಿದ್ದರೆ ಬರ್ಸ್ಟಿನ ಬಾಲ ಅಲ್ಲಿರುತ್ತದೆ. ಸಬ್‌ಸೆಕೆಂಡಿನ ಅಂತರವನ್ನೂ ಒಮ್ಮೆ ಕಣ್ಣಾಡಿಸಿ: 42, 47, 52 ಎಂದು ಐದೈದು ಏರುತ್ತಿದ್ದದ್ದು ತಟ್ಟನೆ ಹತ್ತೋ ಹದಿನೈದೋ ಆದರೆ ಅದು ತಪ್ಪಿದ ಕ್ರಮವಲ್ಲ, ಬಫರ್ (ಕಾರ್ಡಿಗೆ ಬರೆಯುವವರೆಗೆ ಫೋಟೊ ಹಿಡಿದಿಡುವ ಜಾಗ) ತುಂಬಿ ಕ್ಯಾಮೆರಾ ನಿಧಾನವಾದದ್ದು. ಅಂಕಿ ನಿರಂತರವಾಗಿದ್ದರೆ ಫ್ರೇಮ್ ಕಳೆದಿಲ್ಲ. ಆಮೇಲೆ ಕನೆಹಲಗೆಯ ಒಂದು ಬರ್ಸ್ಟನ್ನು ಬಾಣದ ಕೀಲಿ ಒತ್ತಿ ಬೇಗ ಬೇಗ ಓಡಿಸಿ. ನೀರಿನ ತಲೆ ಏರಿ ಒಮ್ಮೆ ಇಳಿಯಬೇಕು. ನಡುವೆ ಜಿಗಿದು ಮತ್ತೆ ಏರಿದರೆ ಅಲ್ಲೊಂದು ಫ್ರೇಮ್ ತಪ್ಪು ಜಾಗದಲ್ಲಿದೆ.

ಕೊನೆಗೆ ಕಳಿಸುವ ವಿಚಾರ. ವಾಟ್ಸಾಪ್‌ನಲ್ಲಿ ಫೋಟೊ ಎಂದೇ ಕಳಿಸಿದರೆ ಎಕ್ಸಿಫ್ ಉದುರಿಹೋಗುತ್ತದೆ, ಡೆಸ್ಕಿನವರ ಫೋನಿನಲ್ಲಿ ಆ ದಿನದ ಹೊಸ ಅಂಕಿಯ ಹೆಸರು ಹುಟ್ಟುತ್ತದೆ. ನೆಟ್‌ವರ್ಕ್ ದುರ್ಬಲವಿರುವ ಕರೆಯ ಬದಿಯಲ್ಲಿ ಮೂರನೆಯದು ಮೊದಲು ತಲುಪಬಹುದು, ಆಗ ಕ್ರಮವೂ ಅದರದ್ದೇ. ಡಾಕ್ಯುಮೆಂಟ್ ಎಂದು ಕಳಿಸಿ: ಹೆಸರು, ಸಮಯ, ಸಬ್‌ಸೆಕೆಂಡ್ ಎಲ್ಲವೂ ಹಾಗೇ ಹೋಗುತ್ತವೆ. ಫೈಲ್ ದೊಡ್ಡದಾದರೆ ಅಳತೆ ಇಳಿಸಿದ ಜೆಪೆಗ್ ಮಾಡಿಕೊಳ್ಳಿ, ಎಕ್ಸ್‌ಪೋರ್ಟ್ ಮಾಡುವಾಗ ಮೆಟಾಡೇಟಾ ಪೂರ್ತಿ ಉಳಿಸುವ ಆಯ್ಕೆ ಹಾಕಿ, ಹೆಸರನ್ನು ಮಾತ್ರ ಬದಲಿಸಬೇಡಿ.