ಲೀಡ್‌ನಲ್ಲಿ ಪಿಯಾನೋ ಸುಮ್ನೆ ಪಕ್ಕವಾದ್ಯ ಅಲ್ವಾ?

ಪ್ರಶ್ನೆ: ಜರ್ಮನ್ ಲೀಡ್‌ಗಳಲ್ಲಿ, ಅಂದರೆ ಕವಿತೆಗೆ ಸಂಗೀತ ಹಾಕಿದ ಹಾಡುಗಳಲ್ಲಿ, ಹಾಡೋದು ಗಾಯಕರು. ಪಿಯಾನೋ ಬರೀ ಪಕ್ಕವಾದ್ಯ ತಾನೇ? ಅದಕ್ಕೆ ಯಾಕೆ ಇಷ್ಟು ಮಹತ್ವ ಕೊಡುತ್ತೀರಿ?

ಉತ್ತರ: ಪಕ್ಕವಾದ್ಯ ಅಲ್ಲ. ಈ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಬರುತ್ತಲೇ ಇದೆ. ಈ ಸಲ ಸ್ವಲ್ಪ ಉದ್ದವಾಗಿಯೇ ಹೇಳಿಬಿಡುತ್ತೇನೆ.

ಈ ತಪ್ಪು ಎಲ್ಲಿಂದ ಬಂತು ಅನ್ನೋದು ಗೊತ್ತು. ನಮ್ಮ ಭಾವಗೀತೆ ಕಾರ್ಯಕ್ರಮಗಳಲ್ಲಿ ಹಾರ್ಮೋನಿಯಂ ಗಾಯಕರ ದನಿಯ ಹಿಂದೆಯೇ ಹೋಗುತ್ತದೆ. ಅದನ್ನು ತೆಗೆದರೂ ಹಾಡಿಗೆ ಏನೂ ಆಗಲ್ಲ. ಲೀಡ್ ಕೂಡ ಕವಿತೆಗೆ ಹಾಕಿದ ಸಂಗೀತವೇ, ಹಾಗಾಗಿ ಅಲ್ಲೂ ಅಷ್ಟೇ ಇರಬೇಕು ಅಂದುಕೊಳ್ಳುತ್ತೇವೆ. ಆದರೆ ಶೂಬರ್ಟ್ ಎಂಬ ಸಂಗೀತಕಾರ 1814ರಲ್ಲೇ ಒಂದು ಹಾಡಿನಲ್ಲಿ ನೂಲುವ ರಾಟೆಯ ಸದ್ದನ್ನು ಪಿಯಾನೋ ಕೈಗೆ ಕೊಟ್ಟಾಗಿತ್ತು. ಶತಮಾನದ ಕೊನೆಗೆ ಬರುವಷ್ಟರಲ್ಲಿ ಅರ್ಧ ಕಥೆಯನ್ನು ಪಿಯಾನೋನೇ ಹೇಳುತ್ತಿತ್ತು.

ಲೀಡ್‌ಗಳನ್ನು ರಚಿಸಿದ ಹ್ಯೂಗೋ ವೋಲ್ಫ್‌ನನ್ನೇ ನೋಡಿ. ಮೋರಿಕೆ ಎಂಬ ಕವಿಯ 53 ಪದ್ಯಗಳಿಗೆ ಸಂಗೀತ ಹಾಕಿದ, ಬಹುಪಾಲು 1888ರ ಒಂದೇ ವರ್ಷದಲ್ಲಿ. ಮುಖಪುಟದಲ್ಲಿ ಮೊದಲು ಕವಿಯ ಹೆಸರು, ಆಮೇಲೆ ‘ದನಿ ಮತ್ತು ಪಿಯಾನೋಗೆ’ ಎಂಬ ಮಾತು, ತನ್ನ ಹೆಸರು ಕೊನೆಗೆ. ಅವನ ಎಷ್ಟೋ ಹಾಡುಗಳಲ್ಲಿ ದನಿ ಮಾತಿಗೆ ಹತ್ತಿರ ಇರುತ್ತದೆ. ಗುನುಗೋಣ ಅಂದರೆ ಕೈಗೆ ಸಿಗಲ್ಲ, ಯಾಕೆಂದರೆ ರಾಗ ಇರೋದು ಪಿಯಾನೋದಲ್ಲಿ! ಆ ಸಂಪುಟದ ಕೊನೆಯ ಹಾಡಿನಲ್ಲಿ ಒಬ್ಬ ವಿಮರ್ಶಕ ಸಂಜೆ ಕವಿಯ ಮನೆಗೆ ನುಗ್ಗಿ ಅವನ ಮೂಗಿನಲ್ಲೇ ತಪ್ಪು ಹುಡುಕುತ್ತಾನೆ. ಕವಿ ಅವನನ್ನು ಒದ್ದು ಮೆಟ್ಟಿಲಿಂದ ಉರುಳಿಸುತ್ತಾನೆ. ಉರುಳುವ ಗಡಬಡವೆಲ್ಲ ಪಿಯಾನೋದ್ದು. ಆಮೇಲೆ ವಿಯೆನ್ನಾದ ವಾಲ್ಟ್ಜ್ ಎಂಬ ಕುಣಿತದ ಸಂಗೀತ ಶುರು, ವಿಜಯೋತ್ಸವದ ಹಾಗೆ. ವೋಲ್ಫ್ ತಾನೂ ಕೆಲವು ವರ್ಷ ಪತ್ರಿಕೆಯಲ್ಲಿ ಖಾರವಾಗಿ ವಿಮರ್ಶೆ ಬರೆದವನು ಅನ್ನೋದು ತಮಾಷೆ.

ಇನ್ನೂ ನಂಬಿಕೆ ಬರದವರು ರಿಚರ್ಡ್ ಸ್ಟ್ರೌಸ್ ಎಂಬ ಸಂಗೀತಕಾರನ ‘ಮಾರ್ಗೆನ್’ (ನಾಳೆ) ಎಂಬ ಲೀಡ್ ಕೇಳಿ. 1894ರಲ್ಲಿ ಮದುವೆಯ ಉಡುಗೊರೆಯಾಗಿ ಹೆಂಡತಿ ಪೌಲೀನೆಗೆ ಕೊಟ್ಟ ನಾಲ್ಕು ಹಾಡುಗಳಲ್ಲಿ ಒಂದು. ಮೊದಲು ಪಿಯಾನೋ ಒಂದೇ ರಾಗವನ್ನು ನಿಧಾನವಾಗಿ ನುಡಿಸುತ್ತದೆ. ಅದು ಮುಗಿಯುವ ಹೊತ್ತಿಗೆ ಗಾಯಕಿ ನಡುಮಾತಿನಿಂದ ಸೇರಿಕೊಳ್ಳುತ್ತಾಳೆ. ಅವಳು ನಿಲ್ಲಿಸಿದಾಗಲೂ ರಾಗ ನೆಲೆಗೆ ಬಂದಿರುವುದಿಲ್ಲ. ಅದನ್ನು ಮುಗಿಸೋದು ಪಿಯಾನೋ. ಹೇಳಿ, ಇಲ್ಲಿ ಯಾರು ಯಾರಿಗೆ ಪಕ್ಕವಾದ್ಯ?

ಇದೇ ಹಾಡನ್ನು ಸ್ಟ್ರೌಸ್ 1897ರಲ್ಲಿ ಆರ್ಕೆಸ್ಟ್ರಾಗೆ ಬರೆದ. ಅಲ್ಲಿ ಪಿಯಾನೋದ ರಾಗ ಒಂಟಿ ಪಿಟೀಲಿಗೆ ಹೋಯಿತು. ಆರ್ಕೆಸ್ಟ್ರಾ ಅಂದಾಗ ಮೈಸೂರು ನೆನಪಾಗುತ್ತದೆ. ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ. ಸ್ಟ್ರೌಸ್ 1948ರಲ್ಲಿ ದನಿ ಮತ್ತು ಆರ್ಕೆಸ್ಟ್ರಾಗೆ ಬರೆದ, ‘ಕೊನೆಯ ನಾಲ್ಕು ಹಾಡುಗಳು’ ಎಂದೇ ಹೆಸರಾದ ಕೃತಿಯ ಮೊದಲ ಪ್ರದರ್ಶನ ನಡೆದದ್ದು 1950ರ ಮೇ 22ರಂದು, ಲಂಡನ್ನಿನ ಆಲ್ಬರ್ಟ್ ಹಾಲ್‌ನಲ್ಲಿ. ಹಾಡಿದವರು ಕಿರ್ಸ್ಟನ್ ಫ್ಲಾಗ್‌ಸ್ಟಾಡ್, ಆರ್ಕೆಸ್ಟ್ರಾ ನಡೆಸಿದವರು ಫುರ್ಟ್‌ವೆಂಗ್ಲರ್. ಸ್ಟ್ರೌಸ್ ಅಷ್ಟರಲ್ಲಿ ತೀರಿಕೊಂಡಿದ್ದ. ಖರ್ಚಿಗೆ ಖಾತರಿ ನಿಂತವರು ನಮ್ಮ ಜಯಚಾಮರಾಜ ಒಡೆಯರ್! ಅವರಿಗಾಗಿ ರೆಕಾರ್ಡಿಂಗ್ ಕೂಡ ಆಯಿತು. ಆಗಿನ ರೆಕಾರ್ಡಿಂಗ್ ಇವತ್ತಿಗೂ ಕೇಳಲು ಸಿಗುತ್ತದೆ. ಗರಗರ ಸದ್ದು ಜಾಸ್ತಿ, ಫ್ಲಾಗ್‌ಸ್ಟಾಡ್ ದನಿ ಮಾತ್ರ ಅದನ್ನೆಲ್ಲ ದಾಟಿ ಬರುತ್ತದೆ.