ಗೋವಾದ ನಿಧಿ ಸೇಶೆಲ್ಸ್‌ಗೆ ಹೋಗಿದ್ದು ಹೇಗೆ? ಲಾ ಬ್ಯೂಸ್ ಕಥೆಯ ಹಿನ್ನೆಲೆ

ಸೇಶೆಲ್ಸ್‌ನಲ್ಲಿ ಮಾಹೆ ಅಂತ ಒಂದು ದ್ವೀಪ ಇದೆ, ಕಣ್ಣೂರಿನ ಹತ್ರ ಇರೋ ಮಾಹೆ ಅಲ್ಲ, ಇದು ಹಿಂದೂ ಮಹಾಸಾಗರದ ನಡುವೆ ಇರೋದು. ಅದರ ಉತ್ತರದ ಕಡೆ ಬೆಲ್ ಓಂಬ್ರ್ ಅನ್ನೋ ತೀರದಲ್ಲಿ ದಪ್ಪ ದಪ್ಪ ಗ್ರಾನೈಟ್ ಬಂಡೆಗಳ ಕೆಳಗೆ ಅಪ್ಪ ಆದ್ಮೇಲೆ ಮಗ ಅಂತ ಎರಡು ತಲೆಮಾರು ಕೂತು ಲಾ ಬ್ಯೂಸ್ ಅನ್ನೋ ಕಡಲ್ಗಳ್ಳನ ನಿಧಿಗೆ ಅಗ್ದಿದ್ದಾರೆ, ಅಪ್ಪ ಶುರು ಮಾಡಿದ್ದು 1949ರ ಆಸುಪಾಸು, ಅಂದ್ರೆ ನಮ್ಗೆ ಸ್ವಾತಂತ್ರ್ಯ ಬಂದು ಎರಡು ವರ್ಷ ಆಗಿತ್ತು ಅಷ್ಟೇ. ಇಷ್ಟೂ ವರ್ಷ ಅವ್ರು ಹುಡುಕ್ತಿದ್ದ ಮಾಲು ಮೊದ್ಲು ಹೊರಟಿದ್ದು ಎಲ್ಲಿಂದ ಅಂದ್ರೆ ಗೋವಾದಿಂದ. ಕಾರವಾರದ ಕಡೆಯವನಾದ ನಂಗೆ ಈ ಕಥೆ ಹಿಡ್ದಿದ್ದು ಅದಕ್ಕೇನೇ, ಪಕ್ಕದ ಮನೆಯಿಂದ ಕಳುವಾದ ಸಾಮಾನು ಎಲ್ಲಿ ಹೋಯ್ತು ಅಂತ ತಿಳ್ಕೊಳ್ಳೋ ಕುತೂಹಲ ಇದ್ದಂಗೆ.

1721ರ ಜನವರಿಯಲ್ಲಿ ನೋಸ್ಸಾ ಸೆನ್ಯೋರಾ ದೊ ಕಾಬೊ ಅನ್ನೋ ಪೋರ್ಚುಗೀಸ್ ಹಡಗು ಗೋವಾ ಬಿಟ್ಟು ಲಿಸ್ಬನ್ ಕಡೆ ಹೊರಡ್ತು. ಎರಿಸೇರಾದ ಕೌಂಟ್ ಲೂಯಿಸ್ ದ ಮೆನೆಜೆಸ್, ಅವನೇ ಆಗ ಗೋವಾದ ವೈಸರಾಯ್, 1717ರಿಂದ ಆಳ್ವಿಕೆ ಮಾಡಿ ಅವಧಿ ಮುಗಿಸ್ಕೊಂಡು ವಾಪಸ್ ಹೋಗ್ತಾ ಇದ್ದ, ಜೊತೆಗೆ ಗೋವಾದ ಆರ್ಚ್‌ಬಿಷಪ್ ಕೂಡ ಇದ್ರು. ಹಡಗಿನ ತುಂಬ ವಜ್ರ, ಚಿನ್ನ ಬೆಳ್ಳಿ, ರೇಷ್ಮೆ, ಚೀನಾದ ಪಿಂಗಾಣಿ, ಚರ್ಚಿನ ಸಾಮಾನು. ಮಡಗಾಸ್ಕರ್ ಪೂರ್ವಕ್ಕೆ ಬಿರುಗಾಳಿ ಹೊಡೀತು, ಹಾಯಿಕಂಬ ಮುರೀತು, ಹಡಗು ಮುಳುಗದೇ ಇರ್ಲಿ ಅಂತ ಭಾರ ಕಮ್ಮಿ ಮಾಡೋಕೆ 70ರಷ್ಟಿದ್ದ ತೋಪುಗಳಲ್ಲಿ ಮುಕ್ಕಾಲು ಪಾಲು ಸಮುದ್ರಕ್ಕೆ ತಳ್ಳಿಬಿಟ್ರು, ಹೇಗೋ ಏದುಸಿರು ಬಿಡ್ತಾ ಬೂರ್ಬೋನ್ ದ್ವೀಪ ಸೇರ್ಕೊಂಡ್ರು, ಅದೇ ಇವತ್ತಿನ ರಿಯೂನಿಯನ್. ರಿಪೇರಿ ಮಾಡ್ಕೊಂಡು ಲಂಗರು ಹಾಕಿ ನಿಂತಿದ್ದಾಗ ಏಪ್ರಿಲ್‌ನಲ್ಲಿ ಎರಡು ಹಡಗು ಬಂದ್ವು, ಇಂಗ್ಲಿಷರ ಬಾವುಟ ನೋಡಿ ಇವ್ರು ಸುಮ್ಮನಿದ್ರು, ಹತ್ರ ಬಂದ ಮೇಲೆ ಗೊತ್ತಾಗಿದ್ದು ಅವ್ರು ಕಡಲ್ಗಳ್ಳರು ಅಂತ.

ಒಂದು ಹಡಗಿನ ನಾಯಕ ಜಾನ್ ಟೇಲರ್, ಇನ್ನೊಂದರದ್ದು ಓಲಿವಿಯೇ ಲೆವಾಸ್ಸರ್, ಫ್ರಾನ್ಸಿನ ಕಲೇ ಊರಿನವನು ಅಂತಾರೆ, ಅಡ್ಡಹೆಸರು ಲಾ ಬ್ಯೂಸ್, ಅಂದ್ರೆ ಗಿಡುಗ, ಬೇಟೆ ಕಂಡ ತಕ್ಷಣ ಮೇಲೆ ಎರಗ್ತಿದ್ದ ಅನ್ನೋ ಕಾರಣಕ್ಕೆ. ಟೇಲರ್ ಓಡಿಸ್ತಿದ್ದ ಕಸ್ಸಾಂಡ್ರ ಅನ್ನೋ ಹಡಗು ಹಿಂದಿನ ವರ್ಷವಷ್ಟೇ ಈಸ್ಟ್ ಇಂಡಿಯಾ ಕಂಪನಿಯಿಂದ ಕಿತ್ಕೊಂಡಿದ್ದು, ಆಗ ಅದರ ಕ್ಯಾಪ್ಟನ್ ಆಗಿದ್ದ ಜೇಮ್ಸ್ ಮೆಕ್ರೇ ಕೊಮೊರೊಸ್ ದ್ವೀಪದಲ್ಲಿ ಗಂಟೆಗಟ್ಟಲೆ ಹೋರಾಡಿ ಸೋತು ಜೀವ ಉಳಿಸ್ಕೊಂಡ, ಮುಂದೆ ಅದೇ ಮನುಷ್ಯ ಮದ್ರಾಸಿನ ಗವರ್ನರ್ ಆದ! ಆ ಕಾಲದ ಹಿಂದೂ ಮಹಾಸಾಗರ ನಾವು ಅಂದ್ಕೊಂಡಷ್ಟು ದೊಡ್ಡದಲ್ಲ, ಅದೇ ನಾಲ್ಕು ಹಡಗು, ಅದೇ ಜನ ಸುತ್ತಿ ಸುತ್ತಿ ಎದುರಾಗ್ತಾರೆ.

ಕಾಬೊ ಸುಲಭವಾಗಿ ಸಿಕ್ತು, ತೋಪೇ ಇಲ್ವಲ್ಲ. ವೈಸರಾಯ್‌ನ ಸ್ವಲ್ಪ ಹಣ ಇಸ್ಕೊಂಡು ಬಿಟ್ಟುಬಿಟ್ರು, ಹಡಗನ್ನ ಮಾಲಿನ ಸಮೇತ ಮಡಗಾಸ್ಕರ್‌ಗೆ ಎಳ್ಕೊಂಡು ಹೋದ್ರು.

ಇನ್ನು ಮುಂದಿನದ್ದು ಸ್ವಲ್ಪ ನಿಧಾನಕ್ಕೆ ಓದಿ, ಯಾಕಂದ್ರೆ ನಿಧಿ ಹೂತಿದ್ಯೋ ಇಲ್ವೋ ಅನ್ನೋ ಪ್ರಶ್ನೆಗೆ ಉತ್ತರ ಇಲ್ಲೇ ಇದೆ ಅಂತ ನಂಗೆ ಅನ್ಸುತ್ತೆ. ಕಡಲ್ಗಳ್ಳರ ಹಡಗು ರಾಜನ ಸೈನ್ಯದ ಥರ ಅಲ್ಲ, ಅದೊಂಥರ ಪಾಲುದಾರಿಕೆ, ಪ್ರತಿಯೊಬ್ಬನಿಗೂ ಇಷ್ಟು ಪಾಲು ಅಂತ ಮೊದ್ಲೇ ಕರಾರು ಆಗಿರುತ್ತೆ, ಕ್ಯಾಪ್ಟನ್‌ಗೆ ಸ್ವಲ್ಪ ಜಾಸ್ತಿ ಅಷ್ಟೇ. ಲೂಟಿ ಕೈಗೆ ಬಂದ ಮೇಲೆ ಮೊದ್ಲು ಮಾಡೋ ಕೆಲ್ಸ ಹಂಚ್ಕೊಳ್ಳೋದು, ಹಂಚದೇ ಇದ್ರೆ ನಾಯಕನನ್ನೇ ಇಳಿಸಿಬಿಡ್ತಾರೆ. ಈ ಲೂಟಿ ನಡೆದ ಕೆಲವೇ ವರ್ಷದಲ್ಲಿ ಇಂಗ್ಲಿಷ್‌ನಲ್ಲಿ ಅಚ್ಚಾದ ಒಂದು ವರದಿಯಲ್ಲಿ ಮಡಗಾಸ್ಕರ್‌ನಲ್ಲಿ ಪಾಲು ಹೇಗಾಯ್ತು ಅಂತ ಬರ್ದಿದೆ, ಒಬ್ಬೊಬ್ಬನಿಗೆ 42 ಸಣ್ಣ ವಜ್ರ, ವಜ್ರ ದೊಡ್ಡದಿದ್ರೆ ಅದಕ್ಕೆ ತಕ್ಕಂಗೆ ಸಂಖ್ಯೆ ಕಮ್ಮಿ. ಒಬ್ಬನ ಪಾಲಿಗೆ ಒಂದೇ ಒಂದು ದೊಡ್ಡ ವಜ್ರ ಬಂತಂತೆ, ಎಲ್ರಿಗೂ ಕೈತುಂಬ ಸಿಕ್ಕಿದೆ ನಂಗೆ ಮಾತ್ರ ಒಂದೇನಾ ಅಂತ ಗೊಣಗಿ ಅದನ್ನ ಕುಟ್ಟಾಣಿಗೆ ಹಾಕಿ ಕುಟ್ಟಿ ಪುಡಿ ಮಾಡ್ಕೊಂಡ, ಆಮೇಲೆ ಎಣಿಸಿ ನೋಡಿ ನಂದು 43 ಆಯ್ತು ನಿಮ್ಗಿಂತ ಒಂದು ಜಾಸ್ತಿ ಅಂತ ಖುಷಿಪಟ್ಟ ಅಂತೆ. ಕಥೆಗೆ ಒಗ್ಗರಣೆ ಬಿದ್ದಿರಬಹುದು, ಆದ್ರೆ ಮಾಲು ನೂರಾರು ಕೈಗಳಿಗೆ ಹೋಯ್ತು ಅನ್ನೋ ಅಂಶ ಆ ಕಾಲದ ಪದ್ಧತಿಗೆ ಸರಿಯಾಗಿ ಕೂರುತ್ತೆ. ಟೇಲರ್ ತನ್ನ ಜನರ ಜೊತೆ ಕಸ್ಸಾಂಡ್ರ ತಗೊಂಡು ಪನಾಮಾ ಕಡೆ ಹೋಗಿ 1723ರಲ್ಲಿ ಪೋರ್ಟೊಬೆಲೊದಲ್ಲಿ ಸ್ಪೇನಿನವರ ಹತ್ರ ಕ್ಷಮಾದಾನ ತಗೊಂಡ. ಅಲ್ಲಿಗೆ ದೊಡ್ಡ ಪಾಲು ಅಟ್ಲಾಂಟಿಕ್ ದಾಟ್ತು.

ಲಾ ಬ್ಯೂಸ್ ಮಾತ್ರ ಇಲ್ಲೇ ಉಳ್ಕೊಂಡ. ಬೂರ್ಬೋನ್‌ನ ಫ್ರೆಂಚರು ಕಡಲ್ಗಳ್ಳರಿಗೆ ಕ್ಷಮೆ ಕೊಡ್ತೀವಿ ಅಂದಾಗ ಅವನೂ 1724ರಲ್ಲಿ ಮಾತುಕತೆಗೆ ಜನ ಕಳ್ಸಿದ್ದ, ಆದ್ರೆ ಲೂಟಿ ವಾಪಸ್ ಕೊಡು ಅಂದಿದ್ದಕ್ಕೆ ಹಿಂದೆ ಸರಿದ ಅಂತ ಹೇಳ್ತಾರೆ. ನಿಧಿ ಇತ್ತು ಅನ್ನೋರು ಇದನ್ನೇ ಹಿಡ್ಕೊಳ್ತಾರೆ, ಕೊಡೋಕೆ ಮನಸ್ಸಿಲ್ಲ ಅಂದ್ರೆ ಎಲ್ಲೋ ಬಚ್ಚಿಟ್ಟಿದ್ದ ತಾನೇ ಅಂತ. ಆದ್ರೆ ಹಂಚಿ ಖರ್ಚಾಗಿದ್ದನ್ನ ವಾಪಸ್ ತರೋದೂ ಅಷ್ಟೇ ಕಷ್ಟ ಅಲ್ವಾ? ಅವನು ಸಿಕ್ಕಿಬಿದ್ದಾಗ ಏನ್ ಮಾಡ್ತಿದ್ದ ನೋಡಿ, ಮಡಗಾಸ್ಕರ್‌ನ ಆಂಟೋಂಜಿಲ್ ಕೊಲ್ಲಿಯಲ್ಲಿ ಬರೋ ಹೋಗೋ ಹಡಗುಗಳಿಗೆ ದಾರಿ ತೋರ್ಸೋ ಕೆಲ್ಸ, ಕೂಲಿಗೆ. ಕೊಪ್ಪರಿಗೆ ಹೊನ್ನು ಹೂತಿಟ್ಟವನು ಮಾಡೋ ಕೆಲ್ಸ ಅದಲ್ಲ. ಹಾಗೆ ಹತ್ತಿದ ಒಂದು ಫ್ರೆಂಚ್ ಹಡಗಿನವರೇ ಅವನನ್ನ ಗುರುತು ಹಿಡಿದು ಕಟ್ಟಿ ತಂದ್ರು, 1730ರ ಜುಲೈ 7ಕ್ಕೆ ಬೂರ್ಬೋನ್‌ನಲ್ಲಿ ನೇಣು ಹಾಕಿದ್ರು.

ಈಗ ಎಲ್ರಿಗೂ ಗೊತ್ತಿರೋ ಸೀನ್. ಕುತ್ತಿಗೆಗೆ ಹಗ್ಗ ಬೀಳೋ ಮುಂಚೆ ಲಾ ಬ್ಯೂಸ್ ತನ್ನ ಸರ ಕಿತ್ತು ಗುಂಪಿನ ಮೇಲೆ ಎಸೆದ, ಅದರಲ್ಲಿ 17 ಸಾಲಿನ ಗುಪ್ತಲಿಪಿ ಇತ್ತು, ಅರ್ಥ ಆದವನಿಗೆ ನನ್ನ ನಿಧಿ ಅಂತ ಕೂಗಿದ. ಅವನಿಗೆ ವಿಧಿಸಿದ ಶಿಕ್ಷೆಯ ಆದೇಶ ಇವತ್ತಿಗೂ ಉಳ್ದಿದೆ, ಬರೀ ಅಂಗಿಯಲ್ಲಿ, ಕುತ್ತಿಗೆಗೆ ಹಗ್ಗ ಹಾಕಿಸಿ, ಕೈಯಲ್ಲಿ ಎರಡು ಪೌಂಡ್ ತೂಕದ ಉರಿಯೋ ಪಂಜು ಕೊಟ್ಟು ಚರ್ಚಿನ ಬಾಗಿಲ ಮುಂದೆ ಕ್ಷಮೆ ಕೇಳಿಸ್ಬೇಕು ಅನ್ನೋವರೆಗೂ ವಿವರ ಇದೆ, ಸರ ಎಸೆದ ಮಾತು ಮಾತ್ರ ಇಲ್ಲ. ಆದೇಶ ನೇಣಿಗೆ ಮುಂಚೆ ಬರ್ದಿದ್ದು, ಎಸೆದಿದ್ದು ಅದರಲ್ಲಿ ಹೇಗಿರುತ್ತೆ ಅಂತ ಕೇಳಬಹುದು, ಸರಿ, ಒಪ್ಪೋಣ. ಆದ್ರೆ ಆ ಲಿಪಿ ಜಗತ್ತಿನ ಮುಂದೆ ಬಂದಿದ್ದು ಯಾವಾಗ? 1934ರಲ್ಲಿ. ಪ್ಯಾರಿಸ್‌ನ ರಾಷ್ಟ್ರೀಯ ಗ್ರಂಥಾಲಯದಲ್ಲಿದ್ದ ಚಾರ್ಲ್ಸ್ ದ ಲಾ ರೋನ್ಸಿಯೇರ್ ಅನ್ನೋ ನೌಕಾ ಇತಿಹಾಸಕಾರರು ಸೇಶೆಲ್ಸ್ ಕಡೆಯಿಂದ ತಮ್ಮ ಕೈಗೆ ಬಂದ ಕಾಗದವನ್ನ ಪ್ರಕಟಿಸಿದಾಗ. ನೇಣಾಗಿ 204 ವರ್ಷ ಆದ್ಮೇಲೆ.

ಲಿಪಿ ಏನು ಬ್ರಹ್ಮವಿದ್ಯೆ ಅಲ್ಲ. ಗೆರೆ ಎಳೆದು ಚೌಕಗಳ ಮನೆ ಮಾಡಿ ಒಂದೊಂದು ಮನೆಗೆ ಒಂದೊಂದು ಅಕ್ಷರ ಬರ್ಯೋದು, ಆಮೇಲೆ ಅಕ್ಷರದ ಬದಲು ಆ ಮನೆಯ ಆಕಾರ ಮತ್ತೆ ಚುಕ್ಕಿ ಹಾಕೋದು, 18ನೇ ಶತಮಾನದ ರಹಸ್ಯ ಸಂಘದವರಾದ ಫ್ರೀಮೇಸನ್‌ಗಳು ಬಳಸ್ತಿದ್ದ ಲಿಪಿ. ಬಿಡಿಸಿದ್ರೆ ಬರೋದು ಕಾಗುಣಿತ ಕೆಟ್ಟ ಫ್ರೆಂಚು, ಒಂದು ಜೋಡಿ ಪಾರಿವಾಳ ತಗೋ, ಕುದುರೆ ತಲೆ, ಒಂದು ಚಮಚ ಜೇನುತುಪ್ಪ ತಗೋ, ಹೆಂಗಸಿನ ಬಗ್ಗೆ ಏನೋ ಒಂದು ಸಾಲು. ಇದನ್ನ ಓದಿದ ಕೆಲವರು ಇದು ನಾಟಿ ಔಷಧಿ ಅಥವಾ ಮಾಟದ ಚೀಟಿ ಇರ್ಬೇಕು ಅಂತಾರೆ, ನಂಗೂ ಹಾಗೇ ಅನ್ಸುತ್ತೆ, ಜೇನುತುಪ್ಪದ ಚಮಚ ಹಿಡ್ಕೊಂಡು ಯಾವ ದ್ವೀಪಕ್ಕೆ ಹೋಗೋದು ಹೇಳಿ. ದಿಕ್ಕಿಲ್ಲ, ದೂರ ಇಲ್ಲ, ಜಾಗದ ಹೆಸರಿಲ್ಲ.

ಹಾಗಾದ್ರೆ ಸೇಶೆಲ್ಸ್ ಯಾಕೆ ಬಂತು ಮಧ್ಯದಲ್ಲಿ? 1920ರ ದಶಕದ ಶುರುವಿನಲ್ಲಿ ಬೆಲ್ ಓಂಬ್ರ್‌ನ ಒಂದು ಜಮೀನಿನ ಒಡತಿಗೆ ಸಮುದ್ರದ ದಡದ ಬಂಡೆಗಳ ಮೇಲೆ ಕೆತ್ತಿದ ಗುರುತು ಕಂಡ್ವು, ನಾಯಿ, ಹಾವು, ಆಮೆ, ಕುದುರೆ ಥರದ್ದು. ಸುದ್ದಿ ಹಬ್ಬಿತು, ಬಂಡೆಯ ಗುರುತು ಒಂದು ಕಡೆ, ಪ್ಯಾರಿಸ್‌ನಲ್ಲಿ ಅಚ್ಚಾದ ಲಿಪಿ ಇನ್ನೊಂದು ಕಡೆ, ಎರಡೂ ಸೇರ್ಕೊಂಡು ಒಂದೇ ಕಥೆ ಆಗೋಯ್ತು. ಲಾ ಬ್ಯೂಸ್ ಕಾಲಕ್ಕೆ ಸೇಶೆಲ್ಸ್‌ನಲ್ಲಿ ಜನವಸತಿಯೇ ಇರ್ಲಿಲ್ಲ, ಫ್ರೆಂಚರು ಬಂದು ಮನೆ ಕಟ್ಟಿದ್ದು 1770ಕ್ಕೆ, ಹಾಗಾಗಿ ಬಚ್ಚಿಡೋಕೆ ಹೇಳಿ ಮಾಡ್ಸಿದ ಜಾಗ ಅನ್ನೋ ವಾದ ಕೇಳೋಕೆ ಚೆನ್ನಾಗೇ ಇದೆ. ಆದ್ರೆ ಅವನು ಓಡಾಡ್ಕೊಂಡಿದ್ದ ಮಡಗಾಸ್ಕರ್‌ನ ಪೂರ್ವ ಕರಾವಳಿಯಿಂದ ಮಾಹೆಗೆ ಸಾವಿರ ಕಿಲೋಮೀಟರಿಗಿಂತ ಜಾಸ್ತಿ, ಸಹಚರರಿಗೆಲ್ಲ ಪಾಲು ಕೊಟ್ಟು ತನ್ನೊಬ್ಬನ ಪಾಲು ಹೂಳೋಕೆ ಅಷ್ಟು ದೂರ ಯಾರನ್ನ ಕರ್ಕೊಂಡು ಹೋದ, ಆ ಹೋದವರೆಲ್ಲ ಯಾಕೆ ಬಾಯಿ ಮುಚ್ಕೊಂಡಿದ್ರು?

1949ರಲ್ಲಿ ಕೀನ್ಯಾದಿಂದ ರೆಜಿನಾಲ್ಡ್ ಕ್ರೂಸ್ ವಿಲ್ಕಿನ್ಸ್ ಅನ್ನೋ ಇಂಗ್ಲಿಷ್ ಮಾಜಿ ಸೈನಿಕ ಮಲೇರಿಯಾ ಬಂದು ಸುಧಾರಿಸ್ಕೊಳ್ಳೋಕೆ ಸೇಶೆಲ್ಸ್‌ಗೆ ಬಂದ, ಲಿಪಿಯ ಒಂದು ನಕಲು ಸಿಕ್ತು, ಅಷ್ಟೇ, 1977ರಲ್ಲಿ ತೀರ್ಕೊಳ್ಳೋವರೆಗೂ ಅದೇ ಅವನ ಜೀವನ ಆಯ್ತು. ಲಾ ಬ್ಯೂಸ್ ಗ್ರೀಕರ ಹರ್ಕ್ಯುಲಿಸ್‌ನ ಹನ್ನೆರಡು ಸಾಹಸಗಳ ಥರ ಒಗಟು ಕಟ್ಟಿದ್ದಾನೆ, ಒಂದೊಂದು ಬಿಡಿಸ್ತಾ ಹೋದ್ರೆ ಕೊನೆಗೆ ನಿಧಿ ಅನ್ನೋದು ಅವನ ಲೆಕ್ಕ, ನಕ್ಷತ್ರಗಳ ಸ್ಥಾನ ಕೂಡ ಸೇರ್ಸಿ ನೋಡ್ತಿದ್ದ. ಸಮುದ್ರದ ನೀರು ನುಗ್ಗದೇ ಇರ್ಲಿ ಅಂತ ಗೋಡೆ ಕಟ್ಟಿಸ್ದ, ಪಂಪ್ ಇಟ್ಟು ನೀರು ತೆಗೆಸ್ದ, ಹಳೇ ಬಂದೂಕು, ಕೆಲವು ನಾಣ್ಯ, ಸಣ್ಣ ಪ್ರತಿಮೆ ಸಿಕ್ವು. ಆಮೇಲೆ ಮಗ ಜಾನ್, ವೃತ್ತಿಯಲ್ಲಿ ಇತಿಹಾಸದ ಮೇಷ್ಟ್ರು, ಅಪ್ಪನ ಲೆಕ್ಕವನ್ನೇ ಮುಂದುವರಿಸ್ದ. ಅಪ್ಪನ ಕೆಲ್ಸ ಅರ್ಧಕ್ಕೆ ಬಿಡಬಾರದು ಅನ್ನೋ ಆ ಹಠ ನಂಗೆ ಅರ್ಥ ಆಗುತ್ತೆ, ಆ ಶ್ರದ್ಧೆ ಬಗ್ಗೆ ಹಗುರವಾಗಿ ಮಾತಾಡೋಕೆ ಮನಸ್ಸು ಬರಲ್ಲ.

ಇವರೊಬ್ಬರೇ ಅಲ್ಲ. ರಿಯೂನಿಯನ್, ಮಾರಿಷಸ್, ರೊಡ್ರಿಗಸ್ ಎಲ್ಲಾ ಕಡೆ ಇದೇ ನಿಧಿಗೆ ಗುಂಡಿ ತೋಡಿದ್ದಾರೆ, ನೊಬೆಲ್ ಬಂದ ಒಬ್ಬ ಫ್ರೆಂಚ್ ಲೇಖಕರ ಅಜ್ಜ ಮಾರಿಷಸ್‌ನಲ್ಲಿ ಜಡ್ಜ್ ಆಗಿದ್ದವರು, ಅವರೂ ರೊಡ್ರಿಗಸ್‌ನಲ್ಲಿ ವರ್ಷಾನುಗಟ್ಟಲೆ ಹುಡುಕಿದ್ರು. ರಿಯೂನಿಯನ್‌ನ ಸೇಂಟ್ ಪೌಲ್‌ನಲ್ಲಿ ಲಾ ಬ್ಯೂಸ್ ಸಮಾಧಿ ಅಂತ ತೋರ್ಸ್ತಾರೆ, ಜನ ಹೂವು ಇಟ್ಟು ಬರ್ತಾರೆ, ಆದ್ರೆ ಆ ಸ್ಮಶಾನ ಶುರುವಾಗಿದ್ದೇ 1788ರಲ್ಲಿ. ಗೋವಾದ ಉರಿಯುವ ಶಿಲುಬೆ ಅಂತ ಕಾಬೊದಲ್ಲಿ ಇತ್ತು ಅನ್ನೋ, ಮೂರು ಜನ ಸೇರಿದ್ರೇ ಎತ್ತೋಕಾಗೋ ಚಿನ್ನದ ಶಿಲುಬೆಯ ಕಥೆಯೂ ಹೀಗೇ, ವರ್ಷ ವರ್ಷಕ್ಕೂ ಅದರ ತೂಕ ಜಾಸ್ತಿ ಆಗ್ತಾ ಬಂದಿದೆ.

ಇನ್ನು ಹಡಗಿನ ವಿಷಯ. 2025ರಲ್ಲಿ ಅಮೆರಿಕದ ಸಂಶೋಧಕರು ಮಡಗಾಸ್ಕರ್ ಪೂರ್ವದ ಸೇಂಟ್ ಮರೀ ದ್ವೀಪದ ಕೊಲ್ಲಿಯಲ್ಲಿ ಬಿದ್ದಿರೋ ಒಂದು ಹಡಗಿನ ಅವಶೇಷ ಕಾಬೊದ್ದೇ ಅಂತ ಹೇಳಿದ್ರು, 16 ವರ್ಷದ ಕೆಲ್ಸ, 3,300ಕ್ಕೂ ಹೆಚ್ಚು ವಸ್ತು, ಅದರಲ್ಲಿ ದಂತದಲ್ಲಿ ಕೆತ್ತಿದ ಕ್ರೈಸ್ತ ಪ್ರತಿಮೆಗಳು, ಚಿನ್ನದ ಅಕ್ಷರದಲ್ಲಿ ಐಎನ್‌ಆರ್‌ಐ (ಯೇಸುವಿನ ಶಿಲುಬೆಯ ಮೇಲೆ ಇರೋ ಬರಹದ ಅಕ್ಷರಗಳು) ಅಂತ ಬರ್ದಿರೋ ದಂತದ ಫಲಕ. ಆ ಪ್ರತಿಮೆಗಳು ಗೋವಾದಲ್ಲೇ ಆದ ಕೆಲ್ಸ ಅಂತ ಅವರ ಅಭಿಪ್ರಾಯ, ಗೋವಾದ ಕುಶಲಕರ್ಮಿಗಳ ದಂತದ ಕೆತ್ತನೆ ಆ ಕಾಲಕ್ಕೇ ಯುರೋಪಿಗೆಲ್ಲ ಹೋಗ್ತಿತ್ತು.

ಆದ್ರೂ ಸ್ವಲ್ಪ ತಾಳ್ಮೆ ಬೇಕು. 2015ರಲ್ಲಿ ಇದೇ ಕೊಲ್ಲಿಯಲ್ಲಿ ಕಡಲ್ಗಳ್ಳ ಕ್ಯಾಪ್ಟನ್ ಕಿಡ್‌ನ ಹಡಗು ಸಿಕ್ತು, 50 ಕೆಜಿ ಬೆಳ್ಳಿ ಗಟ್ಟಿ ಸಿಕ್ತು ಅಂತ ಜಗತ್ತೆಲ್ಲ ಸುದ್ದಿ ಆಗಿತ್ತು, ಯುನೆಸ್ಕೊ ತಜ್ಞರು ಪರೀಕ್ಷೆ ಮಾಡಿದ್ರೆ ಗಟ್ಟಿಯಲ್ಲಿ ಶೇ 95 ಸೀಸ, ಹಡಗು ಅಂದಿದ್ದು ಹಳೇ ಬಂದರು ಕಟ್ಟಡದ ಕಲ್ಲು. ಅಂದಂಗೆ ಈ ಕಿಡ್ 1697ರಲ್ಲಿ ನೀರು ಸೌದೆಗೆ ಅಂತ ನಮ್ಮ ಕಾರವಾರಕ್ಕೂ ಬಂದಿದ್ದ, ಅಲ್ಲಿನ ಇಂಗ್ಲಿಷ್ ವ್ಯಾಪಾರ ಕೋಠಿಯವರು ಇವನ ಮೇಲೆ ಅನುಮಾನ ಪಟ್ಟು ಮೇಲಿನವರಿಗೆ ಪತ್ರ ಬರ್ದಿದ್ರು. ನಿಜವಾಗ್ಲೂ ನಿಧಿ ಹೂತ ಕಡಲ್ಗಳ್ಳ ಅಂತ ದಾಖಲೆ ಇರೋದು ಅವನದ್ದೇ, ಅಮೆರಿಕದ ಗಾರ್ಡಿನರ್ಸ್ ದ್ವೀಪದಲ್ಲಿ ಹೂತಿದ್ದ, 1699ರಲ್ಲೇ ಸರ್ಕಾರದವರು ಅಗೆದು ತಗೊಂಡು ಹೋದ್ರು.

ಕಾಬೊ ಸುದ್ದಿಯಲ್ಲಿ ಎಲ್ರೂ ದುಡ್ಡಿನ ಲೆಕ್ಕ ಬರ್ದ್ರು, ಇವತ್ತಿನ ಬೆಲೆಗೆ 13.8 ಕೋಟಿ ಡಾಲರ್ ಅಂತ. ನಂಗೆ ಮಾತ್ರ ಅದೇ ಸುದ್ದಿಯ ಇನ್ನೊಂದು ಸಾಲು ತಲೆಯಿಂದ ಹೋಗ್ತಾ ಇಲ್ಲ, ಹಡಗಿನಲ್ಲಿ ಮೊಜಾಂಬಿಕ್‌ನ ಸುಮಾರು 200 ಜನ ಗುಲಾಮರಿದ್ರು, ಕಡಲ್ಗಳ್ಳರ ಕೈಗೆ ಸಿಕ್ಕ ಮೇಲೆ ಅವ್ರು ಏನಾದ್ರು ಅಂತ ಯಾವ ಕಾಗದದಲ್ಲೂ ಸಿಕ್ಕಿಲ್ಲ. ವಜ್ರ ಪಾಲಾಗಿದ್ದು ಒಬ್ಬೊಬ್ಬನಿಗೆ 42 ಅಂತ ಲೆಕ್ಕ ಇದೆ, ಇವರ ಲೆಕ್ಕ ಯಾರೂ ಬರೀಲಿಲ್ಲ.

ಇನ್ನು ಆ ವೈಸರಾಯ್. ಬರಿಗೈಲಿ ಯುರೋಪ್ ಸೇರಿದ. ಸುಮಾರು ಇಪ್ಪತ್ತು ವರ್ಷ ಆದ್ಮೇಲೆ ರಾಜ ಅವನನ್ನ ಮತ್ತೆ ವೈಸರಾಯ್ ಮಾಡಿ ಗೋವಾಗೇ ಕಳ್ಸಿದ, ಅದೇ ಸಮುದ್ರ ದಾಟ್ಕೊಂಡು ಬಂದ, 1742ರಲ್ಲಿ ಗೋವಾದಲ್ಲೇ ತೀರ್ಕೊಂಡ.